ಪಿಟ್‌ಬುಲ್, ಬಿಗ್ ಬ್ಯಾಂಗ್ ಮತ್ತು ಮುಗಿಯದ ಜಗಳ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಯಾವ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಾದರೂ ಸರಿ, ನೀರಿನ ಟ್ಯಾಂಕರ್ ವಿಷಯ ಬಿಟ್ಟರೆ ಜಾಸ್ತಿ ಜಗಳ ನಾಯಿಯದ್ದೇ. ನನ್ನ ಫೋನಿನಲ್ಲಿ ಇನ್ನೊಂದು ಜಗಳವೂ ಇದೆ. ಬಿಗ್ ಬ್ಯಾಂಗ್, ಅಂದರೆ ವಿಶ್ವ ತೀರಾ ಬಿಸಿಯಾದ, ಒತ್ತೊತ್ತಾದ ಸ್ಥಿತಿಯಿಂದ ಹಿಗ್ಗುತ್ತಾ ಬಂತು ಅನ್ನುವ ಮಾತು, ನಿಜವೋ, ವಿಜ್ಞಾನಿಗಳು ಕಟ್ಟಿದ ಕಥೆಯೋ ಅನ್ನೋದು. ವಿಚಿತ್ರ ಅಂದರೆ ಎರಡೂ ಕಡೆ ಕೂಗಾಡುವವರು ಹೆಚ್ಚುಕಡಿಮೆ ಅವರೇ. ಅದೇ ಪ್ರಶ್ನೆ, ಅದೇ ಫಾರ್ವರ್ಡು. ಪ್ರತಿಸಲ ಹೊಸದಾಗಿ ಟೈಪ್ ಮಾಡುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ. ಮೊದಲು ನಾಯಿ, ಆಮೇಲೆ ವಿಶ್ವ.

ಪಿಟ್‌ಬುಲ್, ರಾಟ್‌ವೀಲರ್ ಸಾಕುವುದನ್ನು ಸರ್ಕಾರ ನಿಷೇಧ ಮಾಡಿದೆ ಅಲ್ವಾ?

ಮಾಡಲು ಹೊರಟಿತ್ತು. 2024ರ ಮಾರ್ಚ್ 12ರಂದು ಕೇಂದ್ರದ ಪಶುಸಂಗೋಪನಾ ಇಲಾಖೆ ಎಲ್ಲ ರಾಜ್ಯಗಳಿಗೆ ಒಂದು ಸುತ್ತೋಲೆ ಕಳಿಸಿತು. ಅದರಲ್ಲಿ 23 ಬಗೆಯ ನಾಯಿಗಳ ಪಟ್ಟಿ ಇತ್ತು. ಪಿಟ್‌ಬುಲ್ ಟೆರಿಯರ್, ರಾಟ್‌ವೀಲರ್, ಟೋಸಾ ಇನು, ಡೋಗೊ ಅರ್ಜೆಂಟೀನೋ, ಕೇನ್ ಕೊರ್ಸೊ, ಹೀಗೆ. ಇವುಗಳನ್ನು ಹೊರದೇಶದಿಂದ ತರಬಾರದು, ಮರಿ ಮಾಡಿಸಬಾರದು, ಮಾರಬಾರದು, ಈಗಾಗಲೇ ಸಾಕಿದ್ದರೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಬೇಕು ಎಂದು ಹೇಳಿತ್ತು.

ತಿಂಗಳು ತುಂಬುವಷ್ಟರಲ್ಲಿ, ಏಪ್ರಿಲ್ 10ರಂದು, ನಮ್ಮ ಕರ್ನಾಟಕ ಹೈಕೋರ್ಟೇ ಆ ಸುತ್ತೋಲೆಯನ್ನು ರದ್ದು ಮಾಡಿತು. ಸಂಬಂಧಪಟ್ಟವರ ಮಾತು ಕೇಳದೆ, ನಿಯಮದ ಪ್ರಕಾರ ಸಮಿತಿ ಮಾಡದೆ ಹೊರಡಿಸಿದ್ದು ಸರಿಯಲ್ಲ ಅನ್ನೋದು ಮುಖ್ಯ ಕಾರಣ. ಸರಿಯಾದ ದಾರಿಯಲ್ಲಿ ಹೋಗಿ ಹೊಸ ನಿಯಮ ತರುವುದಕ್ಕೆ ಕೋರ್ಟ್ ಅಡ್ಡಿ ಮಾಡಿಲ್ಲ. ಹಾಗಾಗಿ ‘ನಿಷೇಧ ಆಗಿದೆ’ ಎಂದು ಆ ಹಳೇ ಪಿಡಿಎಫ್ ಹಾಕುವವರಿಗೂ, ‘ಈ ನಾಯಿಗಳು ಪಾಪದವು ಅಂತ ಕೋರ್ಟೇ ಹೇಳಿದೆ’ ಅನ್ನುವವರಿಗೂ ಒಂದೇ ಮಾತು: ಕೋರ್ಟು ನೋಡಿದ್ದು ಸುತ್ತೋಲೆ ಹೊರಟ ಕ್ರಮವನ್ನು. ನಾಯಿಯ ಸ್ವಭಾವಕ್ಕೆ ಸರ್ಟಿಫಿಕೇಟ್ ಕೊಟ್ಟಿಲ್ಲ.

ತಳಿ ನೋಡಿದರೆ ಕಚ್ಚುತ್ತದೋ ಇಲ್ಲವೋ ಗೊತ್ತಾಗಲ್ವಾ?

ಜನ ಅಂದುಕೊಂಡಷ್ಟು ಗೊತ್ತಾಗುವುದಿಲ್ಲ. ಅಮೆರಿಕದಲ್ಲಿ 18,385 ನಾಯಿಗಳ ಬಗ್ಗೆ ಅವುಗಳ ಮಾಲೀಕರನ್ನು ಕೇಳಿ, 2,155 ನಾಯಿಗಳ ಡಿಎನ್‌ಎ ಓದಿ ಮಾಡಿದ ಅಧ್ಯಯನವೊಂದು 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಒಂದೊಂದು ನಾಯಿಯ ನಡವಳಿಕೆಯೂ ಬೇರೆ ಬೇರೆ. ಆ ವ್ಯತ್ಯಾಸದಲ್ಲಿ ತಳಿಯಿಂದ ವಿವರಿಸಲು ಆಗುವುದು ಸುಮಾರು 9 ಶೇಕಡಾ ಮಾತ್ರ ಎಂದು ಅದು ಹೇಳಿತು. ಮನುಷ್ಯರ ಮಾತು ಕೇಳುವ ಗುಣದಲ್ಲಿ ತಳಿಯ ಪಾಲು ಸ್ವಲ್ಪ ಜಾಸ್ತಿ ಕಂಡಿತು. ಕೆಣಕಿದರೆ ಎಷ್ಟು ಬೇಗ ಸಿಟ್ಟಾಗುತ್ತದೆ ಅನ್ನುವುದರಲ್ಲಿ ತೀರಾ ಕಮ್ಮಿ.

ನಾಯಿಪ್ರಿಯರು ಈ 9 ಶೇಕಡಾವನ್ನು ಮಂತ್ರದ ಥರ ಜಪಿಸುತ್ತಾರೆ. ಸ್ವಲ್ಪ ತಡೀರಿ. ಅದು ಮಾಲೀಕರು ತಾವೇ ತುಂಬಿದ ಉತ್ತರಗಳ ಮೇಲೆ ನಿಂತ ಲೆಕ್ಕ, ನಮ್ಮ ನಾಯಿ ಕೆಟ್ಟದ್ದು ಅಂತ ಎಷ್ಟು ಜನ ಬರೆಯುತ್ತಾರೆ? ಇನ್ನೊಂದು, ಕಚ್ಚುವುದು ಎಷ್ಟು ಸಲ ಅನ್ನುವ ಪ್ರಶ್ನೆ ಬೇರೆ, ಕಚ್ಚಿದರೆ ಏನಾಗುತ್ತದೆ ಅನ್ನುವ ಪ್ರಶ್ನೆ ಬೇರೆ. ಪೊಮೆರೇನಿಯನ್ ಕಚ್ಚಿದರೆ ಇಂಜೆಕ್ಷನ್, ಬ್ಯಾಂಡೇಜು. ಐವತ್ತು ಕಿಲೋ ನಾಯಿ ಮೇಲೆ ಬಿದ್ದರೆ ಕಥೆಯೇ ಬೇರೆ. ಮೈಕಟ್ಟು, ದವಡೆಯ ಬಲ ಮಾತ್ರ ತಳಿಯಿಂದಲೇ ಬರುತ್ತದೆ, ಅದರಲ್ಲಿ ಅನುಮಾನ ಬೇಡ.

ಅಮೆರಿಕದಲ್ಲಿ ನಾಯಿ ಕಚ್ಚಿ ಸತ್ತವರಲ್ಲಿ ಅರ್ಧಕ್ಕಿಂತ ಜಾಸ್ತಿ ಪಿಟ್‌ಬುಲ್, ರಾಟ್‌ವೀಲರ್‌ನಿಂದಲೇ ಅಂತೆ. ಇನ್ನೇನು ಸಾಕ್ಷಿ ಬೇಕು?

ಈ ಫಾರ್ವರ್ಡಿನ ಮೂಲ ನಿಜವಾದದ್ದೇ. 1979ರಿಂದ 1998ರವರೆಗೆ ಅಲ್ಲಿ ನಾಯಿ ದಾಳಿಯಿಂದಾದ 238 ಸಾವುಗಳನ್ನು ನೋಡಿದ ವರದಿ 2000ದಲ್ಲಿ ಬಂತು. ಅರ್ಧಕ್ಕಿಂತ ಹೆಚ್ಚು ಸಾವುಗಳಲ್ಲಿ ಈ ಎರಡು ಬಗೆಯ ನಾಯಿಗಳಿದ್ದವು. ಒಟ್ಟು ಕನಿಷ್ಠ 25 ತಳಿಗಳ ಹೆಸರು ಅದರಲ್ಲಿದೆ.

ಫಾರ್ವರ್ಡ್ ಮಾಡುವವರು ಬಿಡುವ ಭಾಗ ಇದು: ವರದಿ ಬರೆದವರೇ, ಇದನ್ನಿಟ್ಟುಕೊಂಡು ತಳಿ ನಿಷೇಧ ಮಾಡುವುದು ಕಷ್ಟ ಎಂದು ಹೇಳಿದ್ದಾರೆ. ಯಾಕೆ? ಸತ್ತವರ ಲೆಕ್ಕ ಇದೆ, ಆದರೆ ದೇಶದಲ್ಲಿ ಯಾವ ತಳಿಯ ನಾಯಿ ಒಟ್ಟು ಎಷ್ಟಿವೆ ಅನ್ನುವ ಲೆಕ್ಕ ಇಲ್ಲ. ನಮ್ಮ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಿಂತು ಬಿದ್ದ ಗಾಡಿಗಳನ್ನಷ್ಟೇ ಎಣಿಸಿ, ಹಾದುಹೋದ ಗಾಡಿಗಳನ್ನು ಎಣಿಸದೆ, ‘ಸ್ಕೂಟರೇ ಅಪಾಯಕಾರಿ’ ಅಂದಹಾಗೆ. ಮೇಲಿನ ಸಂಖ್ಯೆಯ ಜೊತೆ ಕೆಳಗಿನದೂ ಬೇಕಲ್ವಾ.

ಇನ್ನೊಂದು ತೊಡಕು, ಅದು ಪಿಟ್‌ಬುಲ್ ಅಂತ ಹೇಳಿದ್ದು ಯಾರು? ಪಿಟ್‌ಬುಲ್ ಅನ್ನುವುದು ಒಂದೇ ತಳಿಯ ಹೆಸರಲ್ಲ. ಅಗಲ ತಲೆ, ಗಿಡ್ಡ ಕೂದಲು, ಗಟ್ಟಿ ಮೈ ಇದ್ದ ನಾಯಿಗೆಲ್ಲ ಜನ ಅದೇ ಹೆಸರು ಇಡುತ್ತಾರೆ. ಮಿಶ್ರ ತಳಿಯ ನಾಯಿಯನ್ನು ಕಣ್ಣಲ್ಲಿ ನೋಡಿ ತಳಿ ಹೇಳುವುದರಲ್ಲಿ ನಾಯಿ ಆಶ್ರಯಧಾಮದ ಅನುಭವಿಗಳೂ ಡಿಎನ್‌ಎ ಪರೀಕ್ಷೆಯ ಮುಂದೆ ಎಡವಿದ್ದಾರೆ. ಗಾಬರಿಯಲ್ಲಿ ಓಡಿದ ದಾರಿಹೋಕ ಹೇಗೆ ಸರಿಯಾಗಿ ಹೇಳುತ್ತಾನೆ?

ಬ್ರಿಟನ್ನಿನವರು ನಿಷೇಧ ಮಾಡಿಲ್ವಾ? ಅವರೇನು ದಡ್ಡರಾ?

ದಡ್ಡರಲ್ಲ. ಆದರೆ ಅವರ ಅನುಭವ ಎರಡೂ ಕಡೆಯವರಿಗೆ ಬಿಸಿತುಪ್ಪ. 1991ರ ಕಾನೂನಿನಲ್ಲಿ ನಾಲ್ಕು ಬಗೆ ಸೇರಿದ್ದವು: ಪಿಟ್‌ಬುಲ್ ಟೆರಿಯರ್, ಜಪಾನೀಸ್ ಟೋಸಾ, ಡೋಗೊ ಅರ್ಜೆಂಟೀನೋ, ಫಿಲಾ ಬ್ರೆಸಿಲೇರೊ. ಮೂವತ್ತು ವರ್ಷ ದಾಟಿದ ಮೇಲೆ ‘ಎಕ್ಸ್‌ಎಲ್ ಬುಲ್ಲಿ’ ಎಂಬ ಇನ್ನೊಂದು ದೈತ್ಯ ನಾಯಿ ಎಲ್ಲರ ಮನೆ ಸೇರಿ, ಸಾವುಗಳಾಗಿ, 2024ರ ಫೆಬ್ರವರಿ 1ರಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ವಿನಾಯಿತಿ ಪತ್ರ ಇಲ್ಲದೆ ಅದನ್ನು ಇಟ್ಟುಕೊಳ್ಳುವುದೂ ಅಪರಾಧವಾಯಿತು. ಪಟ್ಟಿ ಮಾಡಿದರೆ ಪಟ್ಟಿಯಲ್ಲಿಲ್ಲದ ನಾಯಿ ಬರುತ್ತದೆ ಎಂದು ಒಬ್ಬರು ಹೇಳಬಹುದು. ದೊಡ್ಡ ನಾಯಿ ಬೇಕಾಬಿಟ್ಟಿ ಬಂದರೆ ಸಾವೂ ಬರುತ್ತದೆ ಎಂದು ಇನ್ನೊಬ್ಬರು ಹೇಳಬಹುದು. ಎರಡೂ ಸರಿ. ನೆದರ್ಲೆಂಡ್ಸ್ 1993ರಲ್ಲಿ ಪಿಟ್‌ಬುಲ್ ನಿಷೇಧಿಸಿ, ಕಚ್ಚುವುದು ಕಮ್ಮಿಯಾಗಲಿಲ್ಲ ಎಂದು ಹದಿನೈದು ವರ್ಷದ ಮೇಲೆ ಕೈಬಿಟ್ಟಿತು.

ಹಾಗಾದರೆ ಲಿಫ್ಟಿನಲ್ಲಿ ರಾಟ್‌ವೀಲರ್ ಬಂದಾಗ ನಾನು ಹೆದರಬಾರದಾ?

ಹೆದರಿ, ತಪ್ಪಿಲ್ಲ. ಮುಂದಿನ ಲಿಫ್ಟಿಗೆ ಕಾಯಿರಿ, ಅಥವಾ ‘ನೀವು ಹೋಗಿ ಸರ್, ನಾನು ಆಮೇಲೆ ಬರ್ತೀನಿ’ ಅನ್ನಿ. ‘ಏನೂ ಮಾಡಲ್ಲ ಬನ್ನಿ’ ಎಂದು ಎಳೆದುಕೊಳ್ಳುವ ಮಾಲೀಕರ ಮೇಲೆ ನನಗೂ ಕೋಪ ಬರುತ್ತದೆ. ಏನೂ ಮಾಡಲ್ಲ ಅನ್ನುವುದು ಅವರಿಗೆ, ಅವರ ಹಾಲ್‌ನಲ್ಲಿ, ಅವರ ಸೋಫಾದ ಮೇಲೆ.

ನಾಯಿಯನ್ನು ಓದುವುದು ಕಲಿತರೆ ತಳಿ ಓದುವುದಕ್ಕಿಂತ ಉಪಯೋಗ ಜಾಸ್ತಿ. ಬಾಲ ಅಲ್ಲಾಡಿಸಿದರೆ ಸ್ನೇಹ ಅಂತ ಅಲ್ಲ. ಮೈ ಸಡಿಲವಾಗಿ, ಸೊಂಟದ ಸಮೇತ ಅಲ್ಲಾಡಿದರೆ ಸರಿ. ಮೈ ಸೆಟೆದು, ಬಾಲ ಮೇಲೆತ್ತಿ ಅದರ ತುದಿ ಮಾತ್ರ ಚಕಚಕ ಆಡುತ್ತಿದ್ದರೆ ದೂರ ಇರಿ. ಏದುಸಿರು ಬಿಡುತ್ತಿದ್ದ ಬಾಯಿ ಇದ್ದಕ್ಕಿದ್ದಂತೆ ಮುಚ್ಚುವುದು, ತಲೆ ಆ ಕಡೆ ಇದ್ದು ಕಣ್ಣು ಮಾತ್ರ ಈ ಕಡೆ ತಿರುಗಿ ಬಿಳಿ ಕಾಣುವುದು, ತಿಂಡಿ ಏನೂ ಇಲ್ಲದೆ ತುಟಿ ನೆಕ್ಕಿಕೊಳ್ಳುವುದು, ಇವೆಲ್ಲ ‘ನನಗೆ ಆಗ್ತಿಲ್ಲ, ಬಿಡು’ ಅನ್ನುವ ಸೂಚನೆಗಳು. ಗುರ್ ಅಂದಾಗ ಹೊಡೆಯುವುದು ದೊಡ್ಡ ತಪ್ಪು. ಗುರುಗುಟ್ಟುವುದನ್ನು ಬಿಡಿಸಿದರೆ ಮುಂದಿನ ಸಲ ಎಚ್ಚರಿಕೆ ಇಲ್ಲದೆ ನೇರ ಕಚ್ಚುತ್ತದೆ.

ಮಾಲೀಕರಿಗೆ: ಲಿಫ್ಟು, ಮೆಟ್ಟಿಲು, ಪಾರ್ಕಿಂಗ್‌ನಲ್ಲಿ ಚೈನು ಗಿಡ್ಡ ಹಿಡಿಯಿರಿ. ದೊಡ್ಡ ನಾಯಿಗೆ ಬುಟ್ಟಿಯಂಥ ಮಝಲ್ ಹಾಕಿ. ಅದರೊಳಗೆ ನಾಯಿ ಬಾಯಿ ತೆರೆದು ಉಸಿರಾಡಬಹುದು, ನೀರು ಕುಡಿಯಬಹುದು. ಬಾಯಿಯನ್ನು ಬಿಗಿದು ಕಟ್ಟುವ ಬಟ್ಟೆಯದ್ದು ಬೇಡ, ಸೆಖೆಯಲ್ಲಿ ಪ್ರಾಣಕ್ಕೇ ಬರುತ್ತದೆ. ನಿಮ್ಮ ಅಜಾಗರೂಕತೆಯಿಂದ ಯಾರಿಗಾದರೂ ಅಪಾಯವಾದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್ ಇದೆ: ಆರು ತಿಂಗಳವರೆಗೆ ಜೈಲು, ಐದು ಸಾವಿರದವರೆಗೆ ದಂಡ, ಅಥವಾ ಎರಡೂ. ಅದರಲ್ಲಿ ತಳಿಯ ಹೆಸರೇ ಇಲ್ಲ.

ಅಸಲಿ ಸಮಸ್ಯೆ ಬೀದಿನಾಯಿ ಅಲ್ವಾ?

ಬೆಂಗಳೂರಿನ ಮಟ್ಟಿಗೆ ಹೌದು. 2023ರ ಬಿಬಿಎಂಪಿ ಸಮೀಕ್ಷೆಯಲ್ಲಿ ಸುಮಾರು 2.79 ಲಕ್ಷ ಬೀದಿನಾಯಿಗಳು ಸಿಕ್ಕವು, 2019ರಲ್ಲಿ 3.1 ಲಕ್ಷ ಇತ್ತು. ಇವುಗಳ ತಳಿ ಕೇಳುವವರು ಯಾರೂ ಇಲ್ಲ. 2023ರ ಎಬಿಸಿ (ಪ್ರಾಣಿ ಸಂತಾನ ನಿಯಂತ್ರಣ) ನಿಯಮದ ಪ್ರಕಾರ ಹಿಡಿದು, ಆಪರೇಷನ್ ಮಾಡಿ, ರೇಬೀಸ್ ಲಸಿಕೆ ಹಾಕಿ ಅದೇ ಜಾಗಕ್ಕೆ ಬಿಡಬೇಕು. 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣದಂಥ ಕಡೆಯಿಂದ ಹಿಡಿದ ನಾಯಿಗಳನ್ನು ಮತ್ತೆ ಅಲ್ಲಿಗೇ ಬಿಡಬಾರದು ಎಂದಿತು. ಈ ಜಗಳಕ್ಕೆ ಬೇರೆಯದೇ ಪುಟ ಬೇಕು. ಒಂದೇ ಮಾತು: ವಿಷ ಹಾಕುವ ಸಲಹೆ ಕೊಡುವವರು ಅದೇ ನ್ಯಾಯ ಸಂಹಿತೆಯ 325ನೇ ಸೆಕ್ಷನ್ ಓದಿಕೊಳ್ಳಿ. ಐದು ವರ್ಷದವರೆಗೆ ಜೈಲು.

ಕಚ್ಚಿಬಿಟ್ಟರೆ?

ವಾದ ಎಲ್ಲ ಪಕ್ಕಕ್ಕಿಡಿ. ನಲ್ಲಿಯ ಕೆಳಗೆ ಗಾಯ ಹಿಡಿದು, ಸೋಪು ಹಾಕಿ, 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿಕೊಂಡೇ ತೊಳೆಯಿರಿ, ಇಲ್ಲದಿದ್ದರೆ ಎರಡು ನಿಮಿಷಕ್ಕೇ ಹದಿನೈದಾಯಿತು ಅನ್ನಿಸುತ್ತದೆ. ಅರಿಶಿನ, ಸುಣ್ಣ, ಖಾರದ ಪುಡಿ, ಕಾಫಿಪುಡಿ ಏನೂ ಹಚ್ಚಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ. ಲಸಿಕೆ ತೋಳಿನ ಸ್ನಾಯುವಿಗೆ ಹಾಕಿದರೆ ಸಾಮಾನ್ಯವಾಗಿ 0, 3, 7, 14, 28ನೇ ದಿನ. ಚರ್ಮದೊಳಗೆ ಹಾಕುವ ಕ್ರಮವಾದರೆ 0, 3, 7, 28. ರಕ್ತ ಬರುವಂತೆ ಚರ್ಮ ಸೀಳಿದ್ದರೆ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ (ರೇಬೀಸ್ ವಿರುದ್ಧದ ಸಿದ್ಧ ಪ್ರತಿಕಾಯ) ಕೂಡ ಬೇಕು, ಡಾಕ್ಟರು ಮರೆತರೆ ನೀವೇ ಕೇಳಿ. ಸಾಕಿದ ನಾಯಿ, ಲಸಿಕೆ ಆಗಿದೆ ಅಂತ ಮಾಲೀಕರು ಹೇಳಿದರೂ ಡಾಕ್ಟರಿಗೆ ತೋರಿಸಿ. ರೇಬೀಸ್ ಲಕ್ಷಣ ಶುರುವಾದ ಮೇಲೆ ಬದುಕುವವರು ಇಲ್ಲವೆನ್ನುವಷ್ಟು ಕಮ್ಮಿ.

ಸರಿ, ಈಗ ವಿಶ್ವ. ವೆಬ್ ದೂರದರ್ಶಕ ಬಿಗ್ ಬ್ಯಾಂಗ್ ಸುಳ್ಳು ಅಂತ ತೋರಿಸಿದೆಯಂತೆ?

ಇಲ್ಲ. ಜೇಮ್ಸ್ ವೆಬ್ ಎಂಬ ಬಾಹ್ಯಾಕಾಶ ದೂರದರ್ಶಕದ ಮೊದಲ ಚಿತ್ರಗಳು 2022ರಲ್ಲಿ ಬಂದ ಕೂಡಲೇ ಈ ಸುದ್ದಿ ಹುಟ್ಟಿಕೊಂಡಿತು, ಇನ್ನೂ ಸತ್ತಿಲ್ಲ. ನಡೆದದ್ದು ಇಷ್ಟು: ಬಹಳ ಹಿಂದಿನ ಕಾಲದ ಗ್ಯಾಲಕ್ಸಿಗಳು (ಕೋಟ್ಯಂತರ ನಕ್ಷತ್ರಗಳ ಗುಂಪುಗಳು) ಲೆಕ್ಕ ಹಾಕಿದ್ದಕ್ಕಿಂತ ಜಾಸ್ತಿ ಕಂಡವು, ಜಾಸ್ತಿ ಹೊಳೆಯುತ್ತಿದ್ದವು. 2024ರಲ್ಲಿ ಘೋಷಿಸಿದ ಒಂದು ಗ್ಯಾಲಕ್ಸಿಯನ್ನು ನಾವು ನೋಡುತ್ತಿರುವುದು ಬಿಗ್ ಬ್ಯಾಂಗ್ ಆಗಿ 29 ಕೋಟಿ ವರ್ಷಕ್ಕೆ ಇದ್ದ ಹಾಗೆ. ಅಷ್ಟು ಬೇಗ ಅಷ್ಟು ದೊಡ್ಡದು ಹೇಗೆ ಬೆಳೆಯಿತು? ಒಳ್ಳೆಯ ಒಗಟು. ಆದರೆ ಅದು ನಕ್ಷತ್ರಗಳು ಹುಟ್ಟುವ ವೇಗದ ಬಗೆಗಿನ ಒಗಟು.

ಬಿಗ್ ಬ್ಯಾಂಗ್ ಬೀಳಬೇಕಾದರೆ ಬೇರೆ ಕಂಬಗಳು ಬೀಳಬೇಕು. ಗ್ಯಾಲಕ್ಸಿಗಳು ದೂರ ಸರಿಯುತ್ತಿರುವುದು ಒಂದು, ಅದನ್ನು ಹಬಲ್ 1929ರಲ್ಲಿ ತೋರಿಸಿದರು, ಲೆಮೆತ್ರ್ 1927ರಲ್ಲೇ ಬರೆದಿದ್ದರು. ಆಕಾಶದ ಎಲ್ಲ ದಿಕ್ಕಿನಿಂದ ಬರುವ 2.7 ಕೆಲ್ವಿನ್‌ನ ಮೈಕ್ರೋವೇವ್ ಬೆಳಕು ಇನ್ನೊಂದು, 1965ರಲ್ಲಿ ಲೋಕಕ್ಕೆ ಗೊತ್ತಾಯಿತು. ಬಿಗ್ ಬ್ಯಾಂಗ್ ಲೆಕ್ಕ ಹೇಳುವಂತೆಯೇ ವಿಶ್ವದ ಸಾಮಾನ್ಯ ವಸ್ತುವಿನ ತೂಕದಲ್ಲಿ ಸುಮಾರು ಕಾಲು ಭಾಗ ಹೀಲಿಯಂ ಇರುವುದು ಮೂರನೆಯದು. ಮೂರೂ ನಿಂತೇ ಇವೆ.

ಹಬಲ್ ಟೆನ್ಷನ್ ಅಂದರೆ ಏನು? ಅದರ ಬಗ್ಗೆ ಇಷ್ಟು ಗಲಾಟೆ ಯಾಕೆ?

ನನಗೆ ಇಷ್ಟವಾದ ಜಗಳ ಇದೇ. ವಿಶ್ವ ಎಷ್ಟು ವೇಗದಲ್ಲಿ ಹಿಗ್ಗುತ್ತಿದೆ ಅನ್ನುವುದನ್ನು ಎರಡು ದಾರಿಯಲ್ಲಿ ಅಳೆಯುತ್ತಾರೆ.

ಒಂದು, ಹತ್ತಿರದಿಂದ ಏಣಿ ಹತ್ತುವುದು. ಭೂಮಿ ಸೂರ್ಯನ ಸುತ್ತ ಹೋಗುವಾಗ ಹತ್ತಿರದ ನಕ್ಷತ್ರ ಒಂದಿಷ್ಟು ಜರುಗಿದಂತೆ ಕಾಣುತ್ತದೆ, ಅದರಿಂದ ದೂರ ಸಿಗುತ್ತದೆ. ಆ ದೂರದಿಂದ ಸೆಫೀಡ್ ಎಂಬ ಮಿನುಗುವ ನಕ್ಷತ್ರಗಳ ನಿಜವಾದ ಪ್ರಖರತೆ ಲೆಕ್ಕ ಹಾಕುತ್ತಾರೆ. ಇವು ಎಷ್ಟು ನಿಧಾನ ಮಿನುಗುತ್ತವೋ ಅಷ್ಟು ಪ್ರಖರ ಎಂದು ನೂರು ವರ್ಷಕ್ಕೂ ಹಿಂದೆ ಕಂಡುಹಿಡಿದವರು ಹೆನ್ರಿಯೆಟ್ಟಾ ಲೆವಿಟ್. ಸೆಫೀಡ್‌ನಿಂದ ಇನ್ನೂ ದೂರದ ಸೂಪರ್‌ನೋವಾಗೆ, ಅಂದರೆ ಸಿಡಿದ ನಕ್ಷತ್ರಕ್ಕೆ. ಹೀಗೆ ಹತ್ತಿ ಆಡಮ್ ರೀಸ್ ಅವರ ತಂಡ 2022ರಲ್ಲಿ ಕೊಟ್ಟ ಉತ್ತರ 73. ಅಂದರೆ 32.6 ಲಕ್ಷ ಜ್ಯೋತಿರ್ವರ್ಷ ದೂರ ಹೋದಂತೆಲ್ಲ ಸೆಕೆಂಡಿಗೆ 73 ಕಿಲೋಮೀಟರ್ ವೇಗ ಹೆಚ್ಚುತ್ತದೆ.

ಇನ್ನೊಂದು, ಮೇಲೆ ಹೇಳಿದ ಮೈಕ್ರೋವೇವ್ ಬೆಳಕಿನಿಂದ ಶುರು ಮಾಡುವುದು. ಅದು ಬಿಗ್ ಬ್ಯಾಂಗ್ ಆಗಿ 3.8 ಲಕ್ಷ ವರ್ಷಕ್ಕೆ ಹೊರಟ ಬೆಳಕು. ಅದರಲ್ಲಿರುವ ಸಣ್ಣ ಏರಿಳಿತಗಳನ್ನು ಪ್ಲಾಂಕ್ ಉಪಗ್ರಹ ಅಳೆಯಿತು. ಈಗಿನ ವಿಶ್ವ ಮಾದರಿಯನ್ನು ನಂಬಿ ಲೆಕ್ಕ ಹಾಕಿದರೆ 67.4 ಬರುತ್ತದೆ.

73 ಮತ್ತು 67. ನಮಗೆ ಏನು ಮಹಾ ಅನ್ನಿಸುತ್ತದೆ. ಆದರೆ ಅಳತೆ ಆಚೀಚೆ ಆಗಬಹುದಾದದ್ದು ಮೊದಲನೆಯದರಲ್ಲಿ ಸುಮಾರು ಒಂದು, ಎರಡನೆಯದರಲ್ಲಿ ಅರ್ಧ. ಎರಡೂ ಒಂದಕ್ಕೊಂದು ತಾಗುವುದೇ ಇಲ್ಲ, ಇದಕ್ಕೇ ಹಬಲ್ ಟೆನ್ಷನ್ ಅನ್ನುವುದು. ವೆಂಡಿ ಫ್ರೀಡ್‌ಮನ್ ಅವರ ತಂಡ ಬೇರೆ ಬಗೆಯ ನಕ್ಷತ್ರಗಳನ್ನೂ ಹಿಡಿದು ಅಳೆದು ಸುಮಾರು 70 ಎಂದು ನಡುವೆ ಬಂದು ಕೂತಿದೆ. ಹಾಗಾದರೆ ಏಣಿಯ ಒಂದು ಮೆಟ್ಟಿಲು ಸಡಿಲವೇ? ಅಥವಾ ಮಾದರಿಯಲ್ಲೇ ಏನೋ ಬಿಟ್ಟುಹೋಗಿದೆಯೇ? ಸೆಫೀಡ್ ಅಳತೆಯಲ್ಲಿ ಪಕ್ಕದ ನಕ್ಷತ್ರಗಳ ಬೆಳಕು ಬೆರೆತು ತಪ್ಪಾಗಿರಬಹುದು ಎಂಬ ಅನುಮಾನವಿತ್ತು, ವೆಬ್ ಮತ್ತೆ ನೋಡಿ ಹಾಗಾಗಿಲ್ಲ ಎಂದಿತು.

ಇಲ್ಲಿ ಒಂದು ವಿಷಯ ಗಮನಿಸಿ. ಇವರು ವರ್ಷಗಟ್ಟಲೆ ಜಗಳ ಆಡುತ್ತಿದ್ದಾರೆ. ಆದರೆ ತನ್ನ ಅಳತೆಯಲ್ಲಿ ಎಷ್ಟು ಹೆಚ್ಚುಕಮ್ಮಿ ಇರಬಹುದು ಎಂದು ಪ್ರತಿಯೊಬ್ಬರೂ ಮೊದಲೇ ಬರೆದಿಡುತ್ತಾರೆ. ನಾಯಿ ಜಗಳದಲ್ಲಿ ಯಾರಾದರೂ ‘ನನ್ನ ಲೆಕ್ಕ ಇಷ್ಟು, ಅದರಲ್ಲಿ ಇಷ್ಟು ಅನುಮಾನ’ ಅಂದಿದ್ದು ನಾನು ಕೇಳಿಲ್ಲ.

ವಿಶ್ವಕ್ಕೆ 1,380 ಕೋಟಿ ವರ್ಷ ಆದರೆ 4,600 ಕೋಟಿ ಜ್ಯೋತಿರ್ವರ್ಷ ದೂರದವರೆಗೆ ಕಾಣುವುದು ಹೇಗೆ?

ಬೆಳಕು ದಾರಿಯಲ್ಲಿದ್ದಾಗ ದಾರಿಯೇ ಹಿಗ್ಗಿತು. ಅಷ್ಟೇ.

ಡಾರ್ಕ್ ಮ್ಯಾಟರ್ ಅನ್ನೋದು ಲೆಕ್ಕ ತಪ್ಪಿದ್ದಕ್ಕೆ ವಿಜ್ಞಾನಿಗಳು ಹೇಳುವ ನೆಪ ಅಲ್ವಾ?

ಡಾರ್ಕ್ ಮ್ಯಾಟರ್ ಅಂದರೆ ಕಣ್ಣಿಗೆ ಕಾಣದೆ, ಗುರುತ್ವದ ಸೆಳೆತದಿಂದ ಮಾತ್ರ ಗೊತ್ತಾಗುವ ವಸ್ತು. ನೆಪವಾಗಿದ್ದರೆ ಒಂದೇ ಕಡೆ ಕೆಲಸಕ್ಕೆ ಬರುತ್ತಿತ್ತು. 1933ರಲ್ಲಿ ಫ್ರಿಟ್ಜ್ ಝ್ವಿಕಿ, ಕೋಮಾ ಎಂಬ ಗ್ಯಾಲಕ್ಸಿಗಳ ಗುಂಪನ್ನು ನೋಡಿ ‘ಕಾಣುವ ವಸ್ತು ಇಷ್ಟೇ ಆದರೆ ಇವು ಚದುರಿಹೋಗಬೇಕಿತ್ತು’ ಎಂದರು. 1970ರ ದಶಕದಲ್ಲಿ ವೆರಾ ರೂಬಿನ್, ಗ್ಯಾಲಕ್ಸಿಯ ಅಂಚಿನಲ್ಲಿರುವ ನಕ್ಷತ್ರಗಳೂ ನಿಧಾನವಾಗದೆ ಸುತ್ತುತ್ತಿವೆ ಎಂದು ತೋರಿಸಿದರು. ಗುರುತ್ವದಿಂದ ಬೆಳಕು ಬಾಗುವುದರಲ್ಲಿ, ಮೈಕ್ರೋವೇವ್ ಬೆಳಕಿನ ಏರಿಳಿತದಲ್ಲಿ, ಎಲ್ಲ ಕಡೆಯೂ ಹೆಚ್ಚುಕಡಿಮೆ ಅದೇ ಪ್ರಮಾಣ ಬೇಕಾಗುತ್ತದೆ: ವಿಶ್ವದ ಸುಮಾರು 27 ಶೇಕಡಾ. ನಾವು, ನಾಯಿ, ನಕ್ಷತ್ರ ಎಲ್ಲ ಸೇರಿ 5.

ಆದರೆ ಅನುಮಾನ ಪಡುವವರ ಕಡೆಯೂ ಒಂದು ನ್ಯಾಯ ಇದೆ. ನೆಲದಾಳದಲ್ಲಿ ಟನ್‌ಗಟ್ಟಲೆ ದ್ರವ ಝೆನಾನ್ ತುಂಬಿ ಕಾದು ಕೂತರೂ ಡಾರ್ಕ್ ಮ್ಯಾಟರಿನ ಒಂದು ಕಣವೂ ಇದುವರೆಗೆ ಸಿಕ್ಕಿಲ್ಲ. ಉಳಿದ 68 ಶೇಕಡಾ ಡಾರ್ಕ್ ಎನರ್ಜಿ, ಅಂದರೆ ವಿಶ್ವ ಹಿಗ್ಗುವ ವೇಗವನ್ನು ಹೆಚ್ಚಿಸುತ್ತಿರುವ ಏನೋ ಒಂದು, ಅಂತೂ ಇನ್ನೂ ಕಷ್ಟ. ಅದರ ಬಲ ಕಾಲಕ್ಕೆ ತಕ್ಕಂತೆ ಬದಲಾಗುತ್ತಿರಬಹುದು ಎಂಬ ಸುಳಿವನ್ನು ಅಮೆರಿಕದ ಅರಿಝೋನಾದಿಂದ ಗ್ಯಾಲಕ್ಸಿಗಳ ನಕ್ಷೆ ಮಾಡುವ ಡೆಸಿ ಸಮೀಕ್ಷೆ 2024ರಲ್ಲೂ 2025ರಲ್ಲೂ ಕೊಟ್ಟಿದೆ. ಸುಳಿವು ಅಷ್ಟೇ, ತೀರ್ಪಲ್ಲ.

ಇದರಲ್ಲಿ ನಮ್ಮ ಬೆಂಗಳೂರಿನವರದ್ದು ಏನಾದರೂ ಇದೆಯಾ, ಸುಮ್ನೆ ಓದೋದಷ್ಟೇನಾ?

ಇದೆ, ಮತ್ತು ಚೆನ್ನಾಗಿದೆ. ಮೊದಲ ನಕ್ಷತ್ರಗಳು ಹುಟ್ಟಿದಾಗ ಸುತ್ತಲಿನ ಹೈಡ್ರೋಜನ್ ಅನಿಲದಲ್ಲಿ ಒಂದು ಗುರುತು ಬಿದ್ದಿರಬೇಕು. ಅದು ಇವತ್ತು ನಮಗೆ ತೀರಾ ಕ್ಷೀಣ ರೇಡಿಯೋ ಸಂಕೇತವಾಗಿ ಬರುತ್ತದೆ. 2018ರಲ್ಲಿ ಆಸ್ಟ್ರೇಲಿಯಾದ ಮರುಭೂಮಿಯಲ್ಲಿ ಎಡ್ಜಸ್ ಎಂಬ ಆಂಟೆನಾ ಇಟ್ಟಿದ್ದ ಅಮೆರಿಕದ ತಂಡ, 78 ಮೆಗಾಹರ್ಟ್ಸ್ ಹತ್ತಿರ ಅದು ಸಿಕ್ಕಿತು ಎಂದಿತು. ಸಂಕೇತ ಲೆಕ್ಕಕ್ಕಿಂತ ಎರಡು ಪಟ್ಟು ಗಾಢವಾಗಿತ್ತು. ಕೂಡಲೇ ಡಾರ್ಕ್ ಮ್ಯಾಟರ್ ಆ ಅನಿಲವನ್ನು ತಣ್ಣಗೆ ಮಾಡಿರಬಹುದು ಎಂದು ಪ್ರಬಂಧಗಳ ಸುರಿಮಳೆ.

ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆಯವರು ಅಲ್ಲಿಯೇ ಕಟ್ಟಿದ ‘ಸಾರಸ್’ ಆಂಟೆನಾ ಹಿಡಿದು ಹೊರಟರು. ತೊಂದರೆ ಎಂದರೆ ಎಫ್‌ಎಂ ರೇಡಿಯೋ ಇರುವುದೂ ಆ ಆಸುಪಾಸಿನಲ್ಲೇ, ಊರ ಹತ್ತಿರ ಕೆಲಸ ಆಗುವುದಿಲ್ಲ. ನೆಲವೂ ಕಾಟ ಕೊಡುತ್ತದೆ. ಮಣ್ಣಿನ ಕೆಳಗೆ ಕಲ್ಲು, ತೇವ, ಇನ್ನೊಂದು ಪದರ, ಪ್ರತಿಯೊಂದೂ ಸಂಕೇತವನ್ನು ಒಂದೊಂದು ಥರ ಹಿಂದಕ್ಕೆ ಕಳಿಸುತ್ತದೆ. ಅದಕ್ಕೆ ಅವರು ಆಂಟೆನಾವನ್ನು ತೆಪ್ಪದ ಮೇಲಿಟ್ಟು ನೀರಿಗೆ ಬಿಟ್ಟರು! ನೀರು ಎಲ್ಲ ಕಡೆ ಒಂದೇ ಸಮ. 2020ರ ಆರಂಭದಲ್ಲಿ ದಂಡಿಗಾನಹಳ್ಳಿ ಕೆರೆಯಲ್ಲಿ, ಆಮೇಲೆ ಶರಾವತಿ ಹಿನ್ನೀರಿನಲ್ಲಿ. ಆಕಾಶದ ಬೇರೆ ಸದ್ದನ್ನೆಲ್ಲ ಕಳೆದು ನೋಡಿದರೆ ಎಡ್ಜಸ್ ಹೇಳಿದ ಆಕಾರ ಅಲ್ಲಿ ಇರಲಿಲ್ಲ. ಅದನ್ನು ಸುಮಾರು 95 ಶೇಕಡಾ ವಿಶ್ವಾಸದಿಂದ ತಳ್ಳಿಹಾಕಿದ ಪ್ರಬಂಧ 2022ರಲ್ಲಿ ‘ನೇಚರ್ ಅಸ್ಟ್ರಾನಮಿ’ಯಲ್ಲಿ ಬಂತು. ನನ್ನನ್ನು ಕೇಳಿದರೆ ‘ಸಿಕ್ಕಿತು’ ಅನ್ನುವುದಕ್ಕಿಂತ ‘ಸಿಗಲಿಲ್ಲ’ ಅನ್ನುವುದಕ್ಕೆ ಇಷ್ಟು ಕಷ್ಟಪಟ್ಟದ್ದೇ ದೊಡ್ಡದು.

ಬಿಗ್ ಬ್ಯಾಂಗ್ ಒಪ್ಪದ ದೊಡ್ಡ ವಿಜ್ಞಾನಿಗಳೂ ಇದ್ದರಲ್ಲ?

ಇದ್ದರು. ‘ಬಿಗ್ ಬ್ಯಾಂಗ್’ ಎಂದು ಹೆಸರಿಟ್ಟ ಫ್ರೆಡ್ ಹಾಯ್ಲ್ ಅವರೇ ಅದನ್ನು ಒಪ್ಪಲಿಲ್ಲ, ಹೆಸರು ಹೇಳಿದ್ದು 1949ರಲ್ಲಿ ಬಿಬಿಸಿ ರೇಡಿಯೋದಲ್ಲಿ. ಅವರ ಶಿಷ್ಯ, 2025ರಲ್ಲಿ ತೀರಿಕೊಂಡ ನಮ್ಮ ಜಯಂತ್ ನಾರ್ಳೀಕರ್ ಕೂಡ ಕೊನೆಯವರೆಗೂ ಬೇರೆ ದಾರಿ ಹಿಡಿದರು. ಆದರೆ ಅವರು ಸಮೀಕರಣ ಬರೆದು, ಯಾವುದನ್ನು ಅಳೆದರೆ ತಾವು ತಪ್ಪಾಗುತ್ತೇವೆ ಎಂದೂ ಹೇಳಿ ವಾದಿಸಿದರು. ಯೂಟ್ಯೂಬ್ ವಿಡಿಯೋದ ಹೆಡ್ಡಿಂಗ್ ಓದಿ ಅಲ್ಲ.

ಬ್ರಹ್ಮನ ಒಂದು ಹಗಲು 432 ಕೋಟಿ ವರ್ಷ. ನಮ್ಮವರಿಗೆ ಮೊದಲೇ ಗೊತ್ತಿತ್ತು ಅಲ್ವಾ?

ಅಷ್ಟು ದೊಡ್ಡ ಸಂಖ್ಯೆಯಲ್ಲಿ ಯೋಚಿಸಿದ್ದೇ ಮೆಚ್ಚಬೇಕಾದದ್ದು. ಭೂಮಿಯ ವಯಸ್ಸು ಸುಮಾರು 454 ಕೋಟಿ ವರ್ಷ, ಹತ್ತಿರ ಬಂತು. ವಿಶ್ವದ್ದು 1,380 ಕೋಟಿ, ಹತ್ತಿರ ಬರಲಿಲ್ಲ. ಹತ್ತಿರ ಬಂದದ್ದನ್ನು ಮಾತ್ರ ಎಣಿಸುವುದಾದರೆ ಸಿಲ್ಕ್ ಬೋರ್ಡಿನ ಸ್ಕೂಟರ್ ಲೆಕ್ಕಕ್ಕೇ ವಾಪಸ್ ಬಂದೆವು.

ಬೆಂಗಳೂರಿನಿಂದ ಬೇರೆ ಗ್ಯಾಲಕ್ಸಿ ಕಣ್ಣಿಗೆ ಕಾಣುತ್ತದಾ?

ಊರೊಳಗಿನಿಂದ ಕಷ್ಟ, ಬೀದಿದೀಪ ಬಿಡುವುದಿಲ್ಲ. ಚಳಿಗಾಲದ ಶುರುವಿನಲ್ಲಿ, ಅಮಾವಾಸ್ಯೆ ಹತ್ತಿರ, ಊರಿನ ಬೆಳಕು ದಾಟಿ ಹೋದರೆ ಆಂಡ್ರೊಮಿಡಾ ಸಿಗುತ್ತದೆ. 25 ಲಕ್ಷ ಜ್ಯೋತಿರ್ವರ್ಷ ದೂರ. ಸಾಧಾರಣ ಬೈನಾಕ್ಯುಲರ್ ಸಾಕು, ಮಸುಕಾದ ಉದ್ದನೆಯ ಕಲೆಯ ಹಾಗೆ ಕಾಣುತ್ತದೆ. ಫೋಟೋದಲ್ಲಿ ನೋಡಿದ ಬಣ್ಣ ಕಾಣುವುದಿಲ್ಲ, ಬೇಜಾರಾಗಬೇಡಿ. ಎಲ್ಲಿ ಹುಡುಕಬೇಕು ಗೊತ್ತಾಗದಿದ್ದರೆ ಮೊದಲು ಜವಾಹರಲಾಲ್ ನೆಹರು ತಾರಾಲಯಕ್ಕೆ ಹೋಗಿ ಬನ್ನಿ.

ರಾತ್ರಿ ಅಂಥ ಜಾಗಕ್ಕೆ ಹೋದರೆ ಊರ ನಾಯಿಗಳು ಬಂದೇ ಬರುತ್ತವೆ. ಓಡಬೇಡಿ, ಕಲ್ಲಿಗೆ ಬಗ್ಗಬೇಡಿ, ಮುಖಕ್ಕೆ ಟಾರ್ಚ್ ಬಿಡಬೇಡಿ. ಕೈ ಮೈಗೆ ಅಂಟಿಸಿ, ಪಕ್ಕಕ್ಕೆ ತಿರುಗಿ ನಿಂತುಬಿಡಿ, ಬೊಗಳಿ ಬೊಗಳಿ ಅವೇ ಹೋಗುತ್ತವೆ. ಹೊರಡುವ ಮುಂಚೆ ಆ ಊರಿನವರಿಗೆ ಒಂದು ಮಾತು ಹೇಳಿದ್ದರೆ ಇನ್ನೂ ಒಳ್ಳೆಯದು, ಅವರಲ್ಲೇ ಒಬ್ಬರು ಬಂದು ಅವನ್ನು ಹೆಸರು ಹಿಡಿದು ಕರೆದುಕೊಂಡು ಹೋಗುತ್ತಾರೆ.